ಸಭೆಗೆ ಬಾರದ ಮನೆಗಳನ್ನು ಶಾಲೆಯ ಸಮಿತಿ ತಲುಪುವುದು ಹೇಗೆ?

ಪ್ರಶ್ನೆ: ಅಂಕೋಲಾ ತಾಲೂಕಿನಲ್ಲಿ ಕಡಲ ಬದಿಯ ಊರು ನಮ್ಮದು. ಇಲ್ಲಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನನ್ನನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ಮಾಡಿದ್ದಾರೆ. ನನಗೆ ಇದೆಲ್ಲ ಹೊಸದು. ಇಷ್ಟು ವರ್ಷ ಸಮಿತಿ ಅಂದರೆ ಗೋಡೆಗೆ ಬಣ್ಣ, ಕಾಂಪೌಂಡು, ವರ್ಷಕ್ಕೊಂದು ಗ್ಯಾದರಿಂಗ್ (ಶಾಲಾ ವಾರ್ಷಿಕೋತ್ಸವ), ಅಷ್ಟೇ. ಶಾಲೆಯಲ್ಲಿ ಎಪ್ಪತ್ತು ಮಕ್ಕಳಿದ್ದಾರೆ. ಮೀನುಗಾರರ ಕೇರಿಯವರು, ಹಾಲಕ್ಕಿ ಒಕ್ಕಲಿಗ ಸಮುದಾಯದ ಕೇರಿಯಾದ ಕೊಪ್ಪದವರು, ಹಾವೇರಿ, ಗದಗ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು. ನಾಲ್ಕನೇ ತರಗತಿಯಲ್ಲಿ ನಡೆಯಲು ಆಗದ ಒಬ್ಬ ಹುಡುಗನಿದ್ದಾನೆ. ಸಭೆ ಕರೆದರೆ ಬರುವುದು ಯಾವಾಗಲೂ ಅದೇ ಐದಾರು ಮಂದಿ. ಉಳಿದವರಿಗೆ ಆಸಕ್ತಿ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲ ಮಕ್ಕಳಿಗೂ, ಎಲ್ಲ ಮನೆಗಳಿಗೂ ಸಮಿತಿ ಆಸರೆ ಆಗಬೇಕಾದರೆ ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಸಭೆಗೆ ಬಾರದ ಮನೆಗಳಿಂದಲೇ ಶುರು ಮಾಡಿ. ಬಣ್ಣ, ಕಾಂಪೌಂಡು ಆರು ತಿಂಗಳು ಕಾದರೂ ಏನೂ ಆಗುವುದಿಲ್ಲ. ಶಾಲೆಗೆ ಎಲ್ಲಕ್ಕಿಂತ ದೂರ ಇರುವ ಮನೆ ಯಾವುದು ಎಂದು ಮೊದಲು ನೋಡಿಕೊಳ್ಳಿ. ದಾರಿಯಲ್ಲಿ ದೂರ ಇರಬಹುದು, ಮಾತಿನಲ್ಲಿ ದೂರ ಇರಬಹುದು, ಸಂಕೋಚದಲ್ಲಿ ದೂರ ಇರಬಹುದು. ಸಭೆ ಯಾವಾಗ, ಎಲ್ಲಿ, ದುಡ್ಡು ಯಾವುದಕ್ಕೆ ಅನ್ನುವುದನ್ನೆಲ್ಲ ಆ ಮನೆಯನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ. ಹತ್ತಿರದ ಮನೆಯವರಿಗೆ ಇದರಿಂದ ಏನೂ ತೊಂದರೆ ಆಗುವುದಿಲ್ಲ. ಅವರು ಹೇಗೂ ಬರುತ್ತಾರೆ.

‘ಆಸಕ್ತಿ ಇಲ್ಲ’ ಎಂಬ ಮಾತನ್ನು ನಾನು ಈ ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಸಮಿತಿಗಳ ಜೊತೆ ಕೆಲಸ ಮಾಡುತ್ತಾ ಬಹಳ ಕೇಳಿದ್ದೇನೆ. ಅದು ನಿಜ ಅಂತ ನನಗೆ ಅನ್ನಿಸಿದ್ದು ತೀರಾ ಕಡಿಮೆ. ಮಗು ಓದಬೇಕು ಎಂದು ಆಸೆ ಇಲ್ಲದ ತಾಯಿಯನ್ನು ಹುಡುಕುವುದು ಕಷ್ಟ. ಹನ್ನೊಂದು ಗಂಟೆಯ ಸಭೆಗೆ ಬರಲು ಆಗದ ತಾಯಂದಿರು ಮಾತ್ರ ಊರ ತುಂಬ ಇದ್ದಾರೆ.

ಮೊದಲು ನಿಮ್ಮ ಕೈಯಲ್ಲಿ ಏನಿದೆ ಅಂತ ಗೊತ್ತಿರಲಿ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ, ಸರ್ಕಾರದ ಆದೇಶದ ಮೂಲಕ. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೇ ಸೆಕ್ಷನ್ನು ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಶಾಲೆಯ ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಹಿಂದುಳಿದ, ಬಡ ಕುಟುಂಬಗಳ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕಷ್ಟು ಜಾಗ ಇರಬೇಕು. ಸಮಿತಿಯ ಕೆಲಸ ಏನೆಂದೂ ಅಲ್ಲೇ ಬರೆದಿದೆ. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಸರಿಯಾಗಿ ಖರ್ಚಾಗುತ್ತಿದೆಯೇ ಅಂತ ಗಮನಿಸುವುದು. ಗ್ಯಾದರಿಂಗಿನ ಹೆಸರು ಅದರಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಮೊದಲ ವಾರ ಒಂದು ಕೆಲಸ ಮಾಡಿ. ನಿಮ್ಮ ಸಮಿತಿಯ ಸದಸ್ಯರ ಪಟ್ಟಿ ಇಟ್ಟುಕೊಂಡು ಯಾರು ಯಾವ ಕೇರಿಯವರು ಅಂತ ನೋಡಿ. ಕೊಪ್ಪದಿಂದ ಎಷ್ಟು ಜನ? ಕೂಲಿಗೆ ಬಂದವರ ಶೆಡ್ಡಿನಿಂದ ಯಾರಾದರೂ ಇದ್ದಾರಾ? ಆ ಹುಡುಗನ ತಾಯಿ ಸಮಿತಿಯಲ್ಲಿ ಇದ್ದಾರಾ? ಇಲ್ಲದಿದ್ದರೆ ಮುಂದಿನ ಆಯ್ಕೆವರೆಗೂ ಅವರನ್ನು ವಿಶೇಷವಾಗಿ ಆಹ್ವಾನಿಸಿ ಕೂರಿಸಿಕೊಳ್ಳಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನೆಯದು, ಹಾಜರಿ ಪುಸ್ತಕ. ಹೆಡ್ ಮಾಸ್ತರ ಜೊತೆ ಕೂತು ಕಳೆದ ವರ್ಷದ ಹಾಜರಿಯನ್ನು ನಿಧಾನವಾಗಿ ಓದಿ. ಕೆಂಪು ಶಾಯಿಯ ಗೈರುಹಾಜರಿ ಗುರುತುಗಳು ಅಡ್ಡಡ್ಡ ಕಾಣುವ ಬದಲು ಉದ್ದಕ್ಕೆ, ಒಂದೇ ದಿನದ ಕೆಳಗೆ ಸಾಲಾಗಿ ಕಂಡರೆ ಅಲ್ಲಿ ನಿಲ್ಲಿ. ಕುಮಟಾ ಕಡೆಯ ಒಂದು ಶಾಲೆಯಲ್ಲಿ ಹೀಗೇ ನೋಡುತ್ತಿದ್ದಾಗ ಜುಲೈ ತಿಂಗಳಲ್ಲಿ ಬೇರೆ ಬೇರೆ ತರಗತಿಯ ಏಳು ಮಕ್ಕಳು ಒಂದೇ ದಿನಗಳಲ್ಲಿ ಬಂದಿರಲಿಲ್ಲ. ಅಕ್ಕೋರು, ಅಂದರೆ ಅಲ್ಲಿಯ ಶಿಕ್ಷಕಿ, ಹೆಸರು ಓದುತ್ತಾ ಹೋದ ಹಾಗೆ ಗೊತ್ತಾಯಿತು, ಏಳೂ ಮಕ್ಕಳು ಹಳ್ಳದ ಆಚೆಯವರು. ಅಡಿಕೆ ಮರದ ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆಯ) ಮೇಲೆ ನೀರು ಹತ್ತಿದ ದಿನ ಮಕ್ಕಳು ಮನೆಯಲ್ಲಿ. ಆ ಮಕ್ಕಳನ್ನು ‘ಸೋಂಬೇರಿಗಳು’ ಎಂದು ಬೈದವರೂ ಅದೇ ಸಭೆಯಲ್ಲಿದ್ದರು. ಹಾಜರಿ ಪುಸ್ತಕ ನೋಡಿದ ಮೇಲೆ ಯಾರೂ ಆ ಮಾತು ಆಡಲಿಲ್ಲ. ಕಾಲುಸಂಕದ ಅರ್ಜಿ ಪಂಚಾಯತಿಗೆ ಹೋದಾಗ ಅದರ ಜೊತೆ ಹಾಜರಿಯ ನಕಲೂ ಹೋಯಿತು.

ನಿಮ್ಮ ಶಾಲೆಯಲ್ಲೂ ಇಂಥ ಸಾಲುಗಳು ಸಿಗುತ್ತವೆ. ಸುಗ್ಗಿಯ ದಿನಗಳಲ್ಲಿ ಕೊಪ್ಪದ ಮಕ್ಕಳು ಇರುವುದಿಲ್ಲ. ಊರ ಜಾತ್ರೆ, ಬಿತ್ತನೆ ಅಂತ ಬಯಲುಸೀಮೆಯವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ತಾಯಿ ನಸುಕಿನಲ್ಲೇ ಬಂದರಿಗೆ ಹೋಗುವ ಮನೆಯ ದೊಡ್ಡ ಹುಡುಗಿ ಆಗಾಗ ಶಾಲೆ ತಪ್ಪಿಸುತ್ತಾಳೆ, ಯಾಕೆಂದರೆ ಮನೆಯಲ್ಲಿ ಸಣ್ಣ ತಮ್ಮ ಇದ್ದಾನೆ. ಕೊನೆಯದಕ್ಕೆ ಅಂಗನವಾಡಿ ಎಷ್ಟು ಗಂಟೆಗೆ ತೆರೆಯುತ್ತದೆ ಅನ್ನುವುದೇ ಉತ್ತರ ಇರಬಹುದು. ಒಂದು ಮಗು ಸತತ ಮೂರು ದಿನ ಬರದಿದ್ದರೆ ಆ ಕೇರಿಯ ಸದಸ್ಯರೊಬ್ಬರು ಮನೆಗೆ ಹೋಗಿ ಬರಲಿ. ವಿಚಾರಣೆ ಮಾಡಲು ಅಲ್ಲ, ‘ಆರಾಮಿದ್ದೀರಾ’ ಅಂತ ಕೇಳಲು. ಹದಿನೈದು ದಿನ ಬಿಟ್ಟು ಹೋದರೆ ಮಗುವಿಗೇ ಶಾಲೆಗೆ ಬರಲು ನಾಚಿಕೆ ಶುರುವಾಗಿರುತ್ತದೆ.

ಈಗ ಸಭೆಯ ಮಾತು. ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಸಮಿತಿಗಳು ಸೋಲುವುದು ಇಲ್ಲೇ.

ನಿಮ್ಮ ಊರಿನ ಮೂರು ಬಗೆಯ ದುಡಿಮೆಗೆ ಮೂರು ಬೇರೆ ಬೇರೆ ಕ್ಯಾಲೆಂಡರ್ ಇದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬೋಟಿಗೆ ಹೋಗುವ ಗಂಡಸರು ಊರಲ್ಲಿರುತ್ತಾರೆ. ಮಲ್ಪೆ, ಮಂಗಳೂರು, ಗೋವಾದ ಬೋಟುಗಳಲ್ಲಿ ಕೆಲಸ ಮಾಡುವವರೂ ಮನೆಗೆ ಬಂದಿರುತ್ತಾರೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಕೇರಿಯ ಅಪ್ಪಂದಿರನ್ನು ಕೂರಿಸಿ ಮಾತಾಡಲು ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಆಗಸ್ಟ್ ಬಂತು ಅಂದರೆ ಮುಗಿಯಿತು. ಆದರೆ ಅದೇ ಜೂನ್ ಜುಲೈ ಕೊಪ್ಪದವರಿಗೆ ಗದ್ದೆ ನೆಟ್ಟಿಯ ಕಾಲ. ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿದ ಹೆಂಗಸರು ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಅವರಿಗೆ ನೆಟ್ಟಿ ಮುಗಿದ ಮೇಲೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಬಿಡುವು. ರಸ್ತೆ ಕೆಲಸದವರಿಗೆ ಮಳೆಗಾಲದಲ್ಲಿ ಕೆಲಸವೇ ಕಡಿಮೆ, ಕೆಲವರು ಊರಿಗೇ ಹೋಗಿಬಿಡುತ್ತಾರೆ. ಅವರು ಸಿಗುವುದು ಮಳೆ ನಿಂತ ಮೇಲೆ, ಅದೂ ಸಂತೆಯ ದಿನ ಅಥವಾ ಕೆಲಸಕ್ಕೆ ರಜೆ ಇರುವ ದಿನ.

ಇವರೆಲ್ಲರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಸಭೆ ಇಟ್ಟರೆ ಐದಾರು ಮಂದಿ ಬರುವುದೇ ದೊಡ್ಡದು. ಸಮಿತಿಯ ತಿಂಗಳ ಸಭೆ ಶಾಲೆಯಲ್ಲೇ ನಡೆಯಲಿ. ಅದರ ಹೊರತಾಗಿ ಪೋಷಕರ ಮಾತುಕತೆಯನ್ನು ಕೇರಿಯಲ್ಲೇ ಇಡಿ. ಜೂನಿನಲ್ಲಿ ಒಂದು ಸಂಜೆ ಬೋಟು ಕಟ್ಟುವ ಜಾಗದ ಹತ್ತಿರ, ನೆಟ್ಟಿ ಮುಗಿದ ಮೇಲೆ ಕೊಪ್ಪದ ಯಾರದಾದರೂ ಅಂಗಳದಲ್ಲಿ, ನವೆಂಬರಿನಲ್ಲಿ ಶೆಡ್ಡಿನ ಹತ್ತಿರ. ಒಬ್ಬರು ಅಕ್ಕೋರು ಅಥವಾ ಮಾಸ್ತರು ನಿಮ್ಮ ಜೊತೆ ಬರಲಿ. ಒಂದು ಗಂಟೆ ಸಾಕು. ಊರಲ್ಲಿ ಮುಸ್ಲಿಂ ಮನೆಗಳಿದ್ದರೆ ಶುಕ್ರವಾರ ಮಧ್ಯಾಹ್ನ ಬೇಡ. ಇಷ್ಟು ಸಣ್ಣ ಎಚ್ಚರ ಇದ್ದರೂ ಜನಕ್ಕೆ ‘ನಮ್ಮನ್ನು ನೆನೆಸಿಕೊಂಡಿದ್ದಾರೆ’ ಅನ್ನಿಸುತ್ತದೆ.

ಕಾರವಾರ ಕಡೆಯ ಒಂದು ಶಾಲೆಯಲ್ಲಿ ನೋಡಿದ್ದು ಹೇಳುತ್ತೇನೆ. ಸಭೆ ನಡೆಯುತ್ತಿತ್ತು. ಮೀನು ಮಾರಿ ಬಂದ ಒಬ್ಬ ತಾಯಿ ಗೇಟಿನ ಹೊರಗೆ ನಿಂತಿದ್ದರು. ಖಾಲಿ ಬುಟ್ಟಿಯನ್ನು ಕಾಂಪೌಂಡಿನ ಬುಡಕ್ಕೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಇದ್ದರು. ಒಳಗೆ ಬನ್ನಿ ಅಂದರೆ ‘ಬೇಡ, ಮೈಯೆಲ್ಲ ಮೀನು ವಾಸನೆ, ಇಲ್ಲಿಂದಲೇ ಕೇಳ್ತೆ’ ಅಂದರು. ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ. ದಿನಾ ಮೂರು ಗಂಟೆಗೆ ಎದ್ದು ದುಡಿದು ಮೂರು ಮಕ್ಕಳನ್ನು ಓದಿಸುತ್ತಿರುವ ಹೆಂಗಸು ಶಾಲೆಯ ಒಳಗೆ ಕಾಲಿಡಲು ಹಿಂಜರಿಯುತ್ತಾರೆ ಅಂದರೆ ಆ ಹಿಂಜರಿಕೆಯನ್ನು ಅವರಿಗೆ ಕಲಿಸಿದವರು ನಾವೇ ಅಲ್ವಾ? ಆ ಶಾಲೆಯ ಅಕ್ಕೋರು ಸುಮ್ನೆ ಒಂದು ಕೆಲಸ ಮಾಡಿದರು. ಎರಡು ಬೆಂಚು ಎತ್ತಿಸಿ ಸಭೆಯನ್ನೇ ಅಂಗಳದ ಮಾವಿನ ಮರದ ಕೆಳಗೆ ತಂದರು. ಗೇಟಿನ ಹತ್ತಿರ ಇನ್ನೂ ಇಬ್ಬರು ನಿಂತಿದ್ದು ಆಗ ಗೊತ್ತಾಯಿತು.

ಸಭೆಯಲ್ಲಿ ಮಾತು ಯಾವ ಭಾಷೆಯಲ್ಲಿ ಅನ್ನುವುದೂ ಮುಖ್ಯ. ಕೊಂಕಣಿಯಲ್ಲಿ ಹೇಳುವವರು ಕೊಂಕಣಿಯಲ್ಲೇ ಹೇಳಲಿ, ಹಾಲಕ್ಕಿಯವರು ಅವರ ಕನ್ನಡದಲ್ಲಿ ಹೇಳಲಿ. ಠರಾವು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು, ಸಹಿ ಹಾಕಿಸುವ ಮೊದಲು ಜೋರಾಗಿ ಓದಿ ಹೇಳಿ. ಹೆಂಗಸರ ಸಹಿಯನ್ನು ಮನೆಗೆ ಪುಸ್ತಕ ಕಳಿಸಿ ಹಾಕಿಸಿಕೊಳ್ಳುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ. ಅದು ನಿಮ್ಮನ್ನೂ ಮುಂದೆ ಕಷ್ಟಕ್ಕೆ ಸಿಕ್ಕಿಸುತ್ತದೆ. ಸಭೆ ಶುರುವಾಗುವಾಗ ಖರ್ಚು ವೆಚ್ಚ ಓದುವ ಬದಲು ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಮಗು ಶಾಲೆ ಬಗ್ಗೆ ಮನೆಯಲ್ಲಿ ಏನು ಹೇಳುತ್ತದೆ?’ ಮಾತು ತಾನಾಗಿಯೇ ಬರುತ್ತದೆ.

ಇದೇ ಮಾತು ತರಗತಿಗೂ ಹೋಗಬೇಕು. ಮನೆಯಲ್ಲಿ ಕೊಂಕಣಿ ಆಡುವ ಮಗು ಒಂದನೇ ತರಗತಿಗೆ ಬಂದಾಗ ಪುಸ್ತಕದ ಕನ್ನಡ ಅದಕ್ಕೆ ಅರ್ಧ ಪರಭಾಷೆ. ಹಾಲಕ್ಕಿ ಮಗುವಿನ ಕನ್ನಡ ಕೇಳಿ ಬೇರೆ ಮಕ್ಕಳು ನಗುತ್ತಾರೆ. ಗದಗದ ಮಗು ಮಾತಾಡಿದರೂ ನಗುತ್ತಾರೆ. ಒಮ್ಮೆ ನಗಿಸಿಕೊಂಡ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ. ಆಗ ‘ದಡ್ಡ’ ಅಂತ ಹೆಸರು ಬೀಳುತ್ತದೆ. ಸಾಧ್ಯವಾದಷ್ಟು ಮನೆಮಾತಿನಲ್ಲಿ ಕಲಿಸಬೇಕು, ಮಗುವನ್ನು ಭಯದಿಂದ ದೂರ ಇಡಬೇಕು ಎಂದು ಕಾಯ್ದೆಯ 29ನೇ ಸೆಕ್ಷನ್ನಿನಲ್ಲೇ ಇದೆ. ಪಾಠ ಹೇಗೆ ಮಾಡಬೇಕು ಅಂತ ಅಕ್ಕೋರಿಗೆ ಹೇಳುವುದು ಸಮಿತಿಯ ಕೆಲಸ ಅಲ್ಲ. ಆದರೆ ಕೊಪ್ಪದ ಅಜ್ಜಿಯೊಬ್ಬರನ್ನು ತಿಂಗಳಿಗೊಮ್ಮೆ ಕರೆಸಿ ಹಾಡು, ಕತೆ ಹೇಳಿಸಬಹುದು. ಹಾಲಕ್ಕಿ ಹಾಡುಗಳ ಸುಕ್ರಿ ಬೊಮ್ಮಗೌಡ, ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡ ಇಬ್ಬರೂ ನಿಮ್ಮ ತಾಲೂಕಿನವರೇ. ಇಬ್ಬರೂ ಶಾಲೆ ಕಲಿತವರಲ್ಲ. ಇಬ್ಬರಿಗೂ ಪದ್ಮಶ್ರೀ ಬಂತು. ಅಂಥ ಮನೆಗಳ ಮಕ್ಕಳು ತಮ್ಮ ಮಾತಿಗೆ ನಾಚಬೇಕಾದ ಕಾರಣ ಏನೂ ಇಲ್ಲ. ಬಲೆ ಹೆಣೆಯುವ ಅಜ್ಜ ಬಂದು ಕೂತರೆ ಗಂಟು, ಕಣ್ಣಿ ಎಣಿಸುತ್ತಾ ಗಣಿತದ ಒಂದು ಪಾಠವೇ ಆಗುತ್ತದೆ.

ಹೊರಗಿನಿಂದ ಬಂದವರ ಮಕ್ಕಳ ವಿಷಯದಲ್ಲಿ ಕಾನೂನು ಬಹಳ ಸ್ಪಷ್ಟ, ಆದರೂ ಆಚರಣೆಯಲ್ಲಿ ಜಾಸ್ತಿ ತಪ್ಪುವುದು ಅಲ್ಲೇ. ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ ಮಗುವನ್ನು ವಾಪಸು ಕಳಿಸುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದು ಎಂದು 14ನೇ ಸೆಕ್ಷನ್ ಹೇಳುತ್ತದೆ. ಟಿಸಿ ತಡವಾದರೂ ಸೇರಿಸಿಕೊಳ್ಳಬೇಕು ಅನ್ನುವುದು 5ನೇ ಸೆಕ್ಷನ್. ಎರಡು ವರ್ಷ ಶಾಲೆ ಬಿಟ್ಟಿದ್ದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದೆ ಉಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು, ಅದು 4ನೇ ಸೆಕ್ಷನ್. ಮೊದಲಿನ ಶಾಲೆಯ ಸ್ಯಾಟ್ಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಸಿಕ್ಕಿದರೆ ದಾಖಲೆ ವರ್ಗ ಮಾಡಿಸುವುದು ಸುಲಭ. ಆ ತಂದೆ ತಾಯಿಗೆ ನಂಬರ್ ಗೊತ್ತಿರುವುದಿಲ್ಲ, ಊರಿನ ಶಾಲೆಯ ಹೆಸರು ಗೊತ್ತಿರುತ್ತದೆ. ಅಲ್ಲಿಗೆ ಒಂದು ಫೋನ್ ಮಾಡಿಸಿ. ನೀವು ತಿಂಗಳಿಗೊಮ್ಮೆ ಶೆಡ್ಡಿನ ಕಡೆ, ಚಿರೆಕಲ್ಲು ಕ್ವಾರಿಯ ಕಡೆ ಹೋಗಿ ಬಂದರೆ ಶಾಲೆಯ ಪಟ್ಟಿಯಲ್ಲಿ ಹೆಸರೇ ಇಲ್ಲದ ಮಕ್ಕಳೂ ಸಿಗುತ್ತಾರೆ. ಅವರು ಹೊರಡುವಾಗ ಟಿಸಿ ಕೈಗೆ ಕೊಟ್ಟು, ‘ಹೋದ ಊರಲ್ಲಿ ಮೊದಲು ಶಾಲೆಗೆ ಹೋಗಿ’ ಅಂತ ಹೇಳಿ ಕಳಿಸಿ.

ನಾಲ್ಕನೇ ತರಗತಿಯ ಹುಡುಗನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನಾನು ಅವನ ಬಗ್ಗೆಯೇ ಹೆಚ್ಚು ಯೋಚಿಸಿದೆ. ಅವನನ್ನು ಈಗ ಯಾರು ಶಾಲೆಗೆ ಎತ್ತಿಕೊಂಡು ಬರುತ್ತಿದ್ದಾರೆ? ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ? ನೀರು ಕುಡಿದರೆ ಶೌಚಕ್ಕೆ ಹೋಗಬೇಕಾಗುತ್ತದೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದ ಮಕ್ಕಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಇದನ್ನು ಅವನ ತಾಯಿಯ ಹತ್ತಿರ ಕೇಳಿ. ರ‍್ಯಾಂಪ್ ಇದ್ದರೆ ಅದರ ಇಳಿಜಾರಿನ ಮೇಲೆ ನೀವೇ ಗಾಲಿಕುರ್ಚಿ ತಳ್ಳಿ ನೋಡಿ. ಎಷ್ಟೋ ಶಾಲೆಗಳಲ್ಲಿ ರ‍್ಯಾಂಪ್ ತರಗತಿಯ ಬಾಗಿಲಿಗೆ ಹತ್ತುತ್ತದೆ, ಶೌಚಾಲಯಕ್ಕೆ ಮೂರು ಮೆಟ್ಟಿಲು ಹಾಗೇ ಇರುತ್ತದೆ.

ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು. ತಾಲೂಕು ಮಟ್ಟದ ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಅವನನ್ನು ಕರೆದುಕೊಂಡು ಹೋಗಿ. ಗಾಲಿಕುರ್ಚಿ, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್‌ನಂಥ ಸಲಕರಣೆ ಅಲ್ಲಿಂದ ಬರುತ್ತದೆ. ಶಾಲೆಗೆ ಕರೆದುಕೊಂಡು ಬರುವವರಿಗೆ ಭತ್ಯೆ ಕೊಡಲು ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯಲ್ಲಿ ಅವಕಾಶ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆಯೇ ನೋಡಿ, ಅದಿಲ್ಲದೆ ಮುಂದೆ ಪಿಂಚಣಿ, ಪಾಸು ಎಲ್ಲದಕ್ಕೂ ಅಲೆದಾಟ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಶೇ 40ಕ್ಕೆ ಕಡಿಮೆ ಇಲ್ಲದ ವೈಕಲ್ಯ ಇರುವ ಮಕ್ಕಳಿಗೆ 18 ವರ್ಷದವರೆಗೂ ಉಚಿತ ಶಿಕ್ಷಣದ ಹಕ್ಕಿದೆ. ಹದಿನಾಲ್ಕಕ್ಕೆ ಮುಗಿಯುವುದಿಲ್ಲ. ಇನ್ನೊಂದು ಮಾತು, ಇದಕ್ಕೆ ದುಡ್ಡು ಬೇಡ: ಪ್ರವಾಸಕ್ಕೆ ಹೋಗುವಾಗ ಅವನ ಹೆಸರು ಮೊದಲು ಬರೆಯಿರಿ. ಎಲ್ಲಿಗೆ ಹೋಗುವುದು ಅಂತ ಆಮೇಲೆ ತೀರ್ಮಾನಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿ ಬರುತ್ತದೆ. ಮೂವತ್ತು ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರ ಐವತ್ತರವರೆಗೆ 50,000. ನಿಮ್ಮ ಶಾಲೆಗೆ ಇಪ್ಪತ್ತೈದು ಸಾವಿರದ ಲೆಕ್ಕ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು. ಉಳಿದದ್ದರಲ್ಲಿ ದೊಡ್ಡ ಕೆಲಸ ಏನೂ ಆಗುವುದಿಲ್ಲ, ಆದರೆ ಸಣ್ಣ ಕೆಲಸ ಬಹಳ ಆಗುತ್ತದೆ: ಶೌಚಾಲಯದ ಚಿಲಕ, ನೀರಿನ ಫಿಲ್ಟರ್, ಸೋರುವ ಜಾಗದ ಹಂಚು. ಬಂದ ದುಡ್ಡು, ಖರ್ಚಾದ ದುಡ್ಡು ಎರಡನ್ನೂ ಗೋಡೆಯ ಬೋರ್ಡಿನ ಮೇಲೆ ಬರೆಸಿ. ಕೇಳುವ ಮೊದಲೇ ಬರೆದರೆ ಯಾರೂ ಬೆರಳು ತೋರಿಸುವುದಿಲ್ಲ.

ವಂತಿಗೆ ಎತ್ತುವಾಗ ಬಹಳ ಎಚ್ಚರ ಬೇಕು. ಎಂಟನೇ ತರಗತಿ ಮುಗಿಯುವವರೆಗೆ ಮಗುವಿನ ಓದಿಗೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಸರ್ಕಾರಿ ಶಾಲೆ ಕೇಳುವ ಹಾಗಿಲ್ಲ. ಊರವರು ಖುಷಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಕೊಟ್ಟವರ ಹೆಸರು ಓದಿ, ಬೇಕಾದರೆ ಶಾಲು ಹೊದೆಸಿ. ಕೊಡದವರ ಹೆಸರು ಮಾತ್ರ ಎಲ್ಲೂ ಬರಬಾರದು, ತರಗತಿಯಲ್ಲಂತೂ ಬರಲೇಬಾರದು. ಗ್ಯಾದರಿಂಗಿನಲ್ಲೂ ಇದೇ ಕತೆ. ನೃತ್ಯಕ್ಕೆ ಬಾಡಿಗೆ ಡ್ರೆಸ್ಸು ಬೇಕು ಅಂತ ಮಗು ಮನೆಗೆ ಬಂದು ಹೇಳುತ್ತದೆ. ಇಬ್ಬರು ಮಕ್ಕಳಿದ್ದರೆ ಎರಡು ಡ್ರೆಸ್ಸು. ಕೂಲಿ ಮನೆಯ ತಾಯಿ ಲೆಕ್ಕ ಹಾಕಿ ‘ಈ ವರ್ಷ ಬೇಡ ಮಗಾ’ ಅನ್ನುತ್ತಾಳೆ. ಆ ಸಂಜೆ ಆ ಮಗು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತದೆ, ಅಥವಾ ಬರುವುದೇ ಇಲ್ಲ. ಬಾಡಿಗೆ ಡ್ರೆಸ್ಸು ಬೇಡ, ಎಲ್ಲ ಮಕ್ಕಳೂ ವೇದಿಕೆ ಹತ್ತಬೇಕು ಎಂದು ಒಂದೇ ಠರಾವು ಮಾಡಿ. ಮನೆಯಲ್ಲಿರುವ ಪಂಚೆ, ಸೀರೆ, ಕೊಪ್ಪದ ಕರಿಮಣಿ ಸರ ಇಷ್ಟರಲ್ಲೇ ಒಳ್ಳೆಯ ಕುಣಿತ ಆಗುತ್ತದೆ.

ಬಿಸಿಯೂಟದ ಬಗ್ಗೆ ಚಿಕ್ಕದಾಗಿ: ದಿನಕ್ಕೊಬ್ಬ ತಾಯಿ ಬಂದು ಮಕ್ಕಳ ಸಾಲಿನಲ್ಲೇ ಕೂತು ಉಂಡು ಹೋಗುವ ಪಾಳಿ ಮಾಡಿ. ರುಚಿಯೂ ಗೊತ್ತಾಗುತ್ತದೆ, ಯಾರ ಪಕ್ಕ ಯಾರು ಕೂರುತ್ತಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಮೊಟ್ಟೆ ಬೇಕೋ ಬಾಳೆಹಣ್ಣು ಬೇಕೋ ಅನ್ನುವುದು ಆಯಾ ಮನೆಯವರಿಗೆ ಬಿಟ್ಟಿದ್ದು, ಅದನ್ನು ಊರ ಜಗಳ ಮಾಡಬೇಡಿ.

ಮಳೆಯ ರಜೆ ನಮ್ಮ ಜಿಲ್ಲೆಯ ದೊಡ್ಡ ವಿಷಯ. ಜಿಲ್ಲಾಧಿಕಾರಿಗಳ ಆದೇಶ ಎಷ್ಟೋ ಸಲ ಹಿಂದಿನ ರಾತ್ರಿ ತಡವಾಗಿ ಅಥವಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳು ಆ ಮಳೆಯಲ್ಲೇ ನಡೆದು ಬಂದು ಬೀಗ ನೋಡಿ ವಾಪಸು ಹೋಗುತ್ತಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ನಿಮ್ಮ ತಾಲೂಕಿನವರಿಗೆ ನೆನಪಿಸಬೇಕಾಗಿಲ್ಲ. ಪ್ರತಿ ಕೇರಿಗೆ ಇಬ್ಬರನ್ನು ಗೊತ್ತು ಮಾಡಿ. ರಜೆ ಅಂದ ಕೂಡಲೇ ಹೆಡ್ ಮಾಸ್ತರು ಅವರಿಗೆ ಫೋನ್ ಮಾಡಲಿ, ಅವರು ಮನೆ ಮನೆಗೆ ಕೂಗಿ ಹೇಳಲಿ. ಶಾಲೆ ನಡುವೆ ಬಿಟ್ಟರೆ ಯಾವ ಮಗು ಯಾರ ಜೊತೆ ಹೋಗಬೇಕು ಎಂಬ ಪಟ್ಟಿಯೂ ಜೂನಿನಲ್ಲೇ ಗೋಡೆ ಮೇಲೆ ಇರಲಿ. ತಪ್ಪಿದ ದಿನಗಳನ್ನು ಶನಿವಾರ ಪೂರ್ತಿ ನಡೆಸಿ ತುಂಬಿಸಿಕೊಳ್ಳಬೇಕಾಗುತ್ತದೆ. ಐದನೇ ತರಗತಿವರೆಗೆ 200, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು ಅಂತ ಕಾಯ್ದೆಯಲ್ಲಿದೆ.

ಘಟ್ಟದ ಮೇಲಿನ ಓದುಗರೂ ಇದೇ ತರಹ ಕೇಳುತ್ತಿರುತ್ತಾರೆ, ಅವರಿಗೂ ಒಂದು ಮಾತು. ಶಿರಸಿ, ಸಿದ್ದಾಪುರದ ಕಡೆ ಚಳಿಗಾಲದಲ್ಲಿ ಅಡಿಕೆ ಕೊಯ್ಲು. ರಾತ್ರಿ ಅಡಿಕೆ ಸುಲಿಯಲು ತಾಯಿ ಹೋದರೆ ಮಗುವೂ ಜೊತೆಗೆ ಹೋಗಿ ಅಲ್ಲೇ ಮಲಗುತ್ತದೆ, ಮರುದಿನ ತರಗತಿಯಲ್ಲಿ ತೂಕಡಿಸುತ್ತದೆ. ತೋಟದ ಮನೆಯವರೂ ಸುಲಿಯುವ ಮನೆಯವರೂ ಒಂದೇ ಸಮಿತಿಯಲ್ಲಿದ್ದರೆ ಇದನ್ನು ಎದುರೆದುರು ಮಾತಾಡಬಹುದು. ಎಂಟು ಗಂಟೆಗೆ ಕೆಲಸ ನಿಲ್ಲಿಸುವ ತೀರ್ಮಾನ ಶಾಲೆಯಿಂದ ಬರಲು ಸಾಧ್ಯವಿಲ್ಲ, ಅದು ಅಂಗಳದ ಯಜಮಾನರಿಂದ ಬರಬೇಕು. ಜೋಯಿಡಾದ ಕುಣಬಿ ಹಾಡಿಗಳಲ್ಲಿ, ಯಲ್ಲಾಪುರ ಹಳಿಯಾಳದ ಸಿದ್ದಿ, ಗೌಳಿ ಮನೆಗಳಲ್ಲಿ ಕಾಡಿನ ದಾರಿಯೇ ಮೊದಲ ಪ್ರಶ್ನೆ. ಅಲ್ಲಿ ಸಮಿತಿ ವಾಹನ, ಜೊತೆಗಾರರು ಇವನ್ನೇ ಮುಖ್ಯ ಮಾಡಿಕೊಳ್ಳಬೇಕು.

ಮಾಸ್ತರು, ಅಕ್ಕೋರ ಜೊತೆ ನಿಮ್ಮ ಸಂಬಂಧ ಹೇಗಿರಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಇನ್‌ಸ್ಪೆಕ್ಟರ್ ಅಲ್ಲ. ಎಷ್ಟೋ ಶಾಲೆಗಳಲ್ಲಿ ಇಬ್ಬರೇ ಶಿಕ್ಷಕರು ಏಳು ತರಗತಿ ನೋಡುತ್ತಾ, ಮೊಟ್ಟೆಯ ಲೆಕ್ಕದಿಂದ ಆನ್‌ಲೈನ್ ಎಂಟ್ರಿವರೆಗೆ ಎಲ್ಲ ಮಾಡುತ್ತಿರುತ್ತಾರೆ. ಒಂದರಿಂದ ಐದರವರೆಗೆ 60 ಮಕ್ಕಳಿದ್ದರೆ ಇಬ್ಬರು, 60 ದಾಟಿದರೆ ಮೂವರು ಶಿಕ್ಷಕರು ಬೇಕು. ಆರನೇ ತರಗತಿಯಿಂದ ಗಣಿತ ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಬೇಕು. ಕಡಿಮೆ ಇದ್ದರೆ ತಾಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ, ಕಾರವಾರದ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಬರೆಯುವವರು ನೀವೇ ಆಗಿ. ಶಿಕ್ಷಕರು ತಮ್ಮ ಇಲಾಖೆಗೆ ತಾವೇ ಬರೆಯುವುದಕ್ಕಿಂತ ಪೋಷಕರ ಠರಾವಿಗೆ ತೂಕ ಜಾಸ್ತಿ. ಹೊಡೆಯುವುದು, ಅವಮಾನ ಮಾಡುವುದು ಕಂಡರೆ ಮಾತ್ರ ಸುಮ್ಮನಿರಬೇಡಿ. 17ನೇ ಸೆಕ್ಷನ್ ಅದನ್ನು ಪೂರ್ತಿ ನಿಷೇಧಿಸಿದೆ. ಮೊದಲು ಖಾಸಗಿಯಾಗಿ ಮಾತಾಡಿ. ಸರಿಹೋಗದಿದ್ದರೆ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಮಗುವಿಗೆ ಅಪಾಯ ಅನ್ನಿಸಿದರೆ ಕಾಯಬೇಡಿ, 1098ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ನೋಡಿ ಕೇಳಿ ಗೊತ್ತಾದದ್ದನ್ನು ಬಾಯಿಮಾತಲ್ಲಿ ಬಿಡಬೇಡಿ. 22ನೇ ಸೆಕ್ಷನ್ ಪ್ರಕಾರ ಸಮಿತಿ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು. ಸರ್ಕಾರ ಅನುದಾನ ಕೊಡುವಾಗ ಅದನ್ನೇ ಆಧಾರ ಮಾಡಿಕೊಳ್ಳಬೇಕು ಎಂದೂ ಅಲ್ಲೇ ಇದೆ. ಹೆಚ್ಚಿನ ಕಡೆ ಇದು ಹಳೆಯ ಹಾಳೆಯ ನಕಲು. ನಿಮ್ಮದು ಹಾಗಾಗದಿರಲಿ. ‘ಕಾಂಪೌಂಡು ಬೇಕು’ ಎಂದು ಬರೆಯುವ ಜಾಗದಲ್ಲಿ ‘ಹಳ್ಳದಾಚೆಯ ಇಷ್ಟು ಮಕ್ಕಳು ಮಳೆಗಾಲದಲ್ಲಿ ಇಷ್ಟು ದಿನ ಬಂದಿಲ್ಲ, ಕಾಲುಸಂಕ ಬೇಕು’ ಎಂದು ಬರೆಯಿರಿ. ಪಂಚಾಯತಿಯ ಮಕ್ಕಳ ಗ್ರಾಮಸಭೆಗೆ ಹಳ್ಳದಾಚೆಯ ಮಗುವನ್ನೇ ಕಳಿಸಿ ಅದನ್ನು ಹೇಳಿಸಿ. ಚೆನ್ನಾಗಿ ಭಾಷಣ ಮಾಡುವ ಮಗುವನ್ನು ಕಳಿಸುವ ರೂಢಿ ಇದೆ. ಕಷ್ಟ ಅನುಭವಿಸಿದ ಮಗು ತೊದಲಿದರೂ ಅದರ ಮಾತು ಅಧ್ಯಕ್ಷರಿಗೆ ತಾಗುತ್ತದೆ.

ಕೊನೆಯದಾಗಿ, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಏಳನೇ ತರಗತಿಯವರು. ಅವರು ಶಾಲೆ ದಾಟಿದರೆ ಸಮಿತಿಯ ಕೆಲಸ ಮುಗಿಯಿತು ಅಂತ ಬಿಡುತ್ತಾರೆ. ಓದು ನಿಲ್ಲುವುದು ಜಾಸ್ತಿ ಆ ದಾಟಿನಲ್ಲೇ. ಹೈಸ್ಕೂಲಿನ ಹೊತ್ತಿಗೆ ಬಸ್ ಇದೆಯೇ, ಸಂಜೆ ವಾಪಸು ಬರಲು ಇದೆಯೇ ಅಂತ ಏಪ್ರಿಲ್‌ನಲ್ಲೇ ನೋಡಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು. ಬಸ್ಸೇ ನಿಲ್ಲಿಸದಿದ್ದರೆ ಎರಡೂ ಉಪಯೋಗವಿಲ್ಲ. ಅಕ್ಕಪಕ್ಕದ ಎರಡು ಮೂರು ಶಾಲೆಗಳ ಸಮಿತಿಯವರು ಸೇರಿ, ಮಕ್ಕಳ ಹೆಸರು ಮತ್ತು ಹೊತ್ತು ಬರೆದ ಒಂದೇ ಅರ್ಜಿಯನ್ನು ಸಾರಿಗೆ ಡಿಪೋ ಮ್ಯಾನೇಜರಿಗೆ ಕೊಡಿ. ಜಾತಿ, ಆದಾಯ ಪ್ರಮಾಣ ಪತ್ರ ಇಲ್ಲದವರಿಗೆ ರಜೆಯಲ್ಲೇ ನಾಡಕಚೇರಿಯಲ್ಲಿ ಮಾಡಿಸಿಕೊಡಿ, ಹಾಸ್ಟೆಲ್ಲಿಗೂ ವಿದ್ಯಾರ್ಥಿವೇತನಕ್ಕೂ ಅದೇ ಬೇಕು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಈ ಪರೀಕ್ಷೆಯ ಹೆಸರನ್ನೇ ಕೇಳದ ಮನೆಗಳು ನಿಮ್ಮ ಕೇರಿಯಲ್ಲಿವೆ. ಜೂನಿನಲ್ಲಿ ಏಳನೇ ತರಗತಿ ಪಾಸಾದ ಎಲ್ಲ ಮಕ್ಕಳ ಹೆಸರು ಹಿಡಿದುಕೊಂಡು, ಯಾರು ಎಲ್ಲಿ ಸೇರಿದರು ಅಂತ ಒಂದೊಂದೇ ಮನೆಗೆ ಹೋಗಿ ಕೇಳಿ ಬನ್ನಿ. ಎಲ್ಲೂ ಸೇರದ ಮಗು ಒಂದೇ ಇದ್ದರೂ ಅದರ ಹೆಸರು ಜುಲೈ ತಿಂಗಳ ಸಭೆಯ ಮೊದಲ ವಿಷಯ ಆಗಲಿ.